ಜಿಸಿ ಟೂತ್ ಮೂಸ್: ಮೆತ್ತಗಾದ ಎನಾಮಲ್‌ಗೆ ಸರಿ, ಸವೆದು ಹೋದದ್ದಕ್ಕಲ್ಲ

ಟ್ಯೂಬ್ ನೋಡಿದರೆ ಟೂತ್‌ಪೇಸ್ಟ್ ಅನ್ನಿಸುತ್ತದೆ. ಆದರೆ ಇದು ಬ್ರಷ್ ಆದ ಮೇಲೆ ಹಲ್ಲಿಗೆ ಹಚ್ಚಿಕೊಳ್ಳುವ ಕ್ರೀಮು, ನೊರೆಯೂ ಬರುವುದಿಲ್ಲ. 40 ಗ್ರಾಂ ಟ್ಯೂಬಿನ ದುಡ್ಡಿನಲ್ಲಿ ಸಾದಾ ಪೇಸ್ಟ್ ಎಷ್ಟೋ ಡಬ್ಬಿ ಬರುತ್ತದೆ. ಹಾಗಾಗಿ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಮೊದಲೇ ತಿಳಿದುಕೊಂಡು ಕೊಳ್ಳುವುದು ಒಳ್ಳೆಯದು.

ಒಳಗಿನ ಮುಖ್ಯ ಸರಕು ಸಿಪಿಪಿ-ಎಸಿಪಿ, ಶೇಕಡಾ 10. ಹಾಲಿನ ಕೇಸಿನ್ ಪ್ರೋಟೀನಿನಿಂದ ತೆಗೆದ ಇದು ಕ್ಯಾಲ್ಶಿಯಂ, ಫಾಸ್ಫೇಟ್‌ಗಳನ್ನು ಗಟ್ಟಿಯಾಗಲು ಬಿಡದೆ ಹಿಡಿದಿಟ್ಟುಕೊಂಡು ಹಲ್ಲಿನ ಮೇಲೆ ಅಂಟಿಕೊಳ್ಳುತ್ತದೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್‌ನಿಂದ ಖನಿಜ ಕರಗತೊಡಗುತ್ತದೆ. ಹಾಗೆ ಮೆತ್ತಗಾದ ಪದರಕ್ಕೆ ಖನಿಜ ಮರಳಿ ಸೇರಲು ಈ ಕ್ರೀಮು ನೆರವಾಗುತ್ತದೆ. ಪುಂಡಿಪಲ್ಯ, ಹುಣಸೆ ಸಾರು, ಬೇಸಿಗೆಯ ನಿಂಬೆ ಸೋಡಾ ಹೊಟ್ಟೆಗೆ ಇಳಿದ ಕೂಡಲೇ ಬ್ರಷ್ ಹಿಡಿದರೆ ಆ ಮೆತ್ತನೆಯ ಪದರವನ್ನೇ ಉಜ್ಜಿ ಕಳೆದಂತೆ. ನೀರಿನಿಂದ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ತಡೆಯಬೇಕು. ಇದಕ್ಕೆ ಖರ್ಚೇ ಇಲ್ಲ.

ಎನಾಮಲ್‌ನಲ್ಲಿ ಜೀವಕೋಶಗಳಿಲ್ಲ, ಶೇಕಡಾ 96ರಷ್ಟು ಖನಿಜವೇ. ಒಮ್ಮೆ ಹೋದ ದಪ್ಪ ಮತ್ತೆ ಬೆಳೆಯದು. ಮಿಶ್ರಿ (ಸುಟ್ಟ ತಂಬಾಕಿನ ಪುಡಿ), ಇದ್ದಿಲು, ಉಪ್ಪು ಹಾಕಿ ಉಜ್ಜಿ ಒಸಡಿನ ಬುಡದಲ್ಲಿ ಕಚ್ಚು ಬಿದ್ದಿದ್ದರೆ ಯಾವ ಕ್ರೀಮೂ ಅದನ್ನು ತುಂಬುವುದಿಲ್ಲ. ಅಲ್ಲಿ ಗ್ಲಾಸ್ ಐಯೊನೊಮರ್ ಅಥವಾ ಕಾಂಪೋಸಿಟ್ ಫಿಲ್ಲಿಂಗೇ ಬೇಕು. ಕಲಬುರಗಿಯಲ್ಲಾದರೆ ಸೇಡಂ ರಸ್ತೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜಿನಂಥ ಕಡೆ ಮೊದಲು ತೋರಿಸಿ, ಆಮೇಲೆ ಟ್ಯೂಬಿನ ಮಾತು.

ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳು ಯಾದಗಿರಿ, ಕಲಬುರಗಿ ಜಿಲ್ಲೆಗಳಲ್ಲಿವೆ. ಅಲ್ಲಿನ ಮಕ್ಕಳ ಹಲ್ಲಿನ ಕಂದು ಕಲೆ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಆದದ್ದು. ಇದನ್ನು ಹಚ್ಚಿದರೆ ಹೋಗದು. ಸುಣ್ಣದಂಥ ಬಿಳಿ ಮಚ್ಚೆಗಳು ಮಾತ್ರ ತುಸು ಮಸುಕಾಗಬಹುದು, ಅದೂ ವೈದ್ಯರು ಮೈಕ್ರೊಅಬ್ರೇಶನ್ (ಹಲ್ಲಿನ ಮೇಲ್ಪದರವನ್ನು ತುಸುವೇ ಉಜ್ಜಿ ತೆಗೆಯುವುದು) ಮಾಡಿದ ಮೇಲೆ ಬಳಸಿದರೆ ಚೆನ್ನಾಗಿ.

ಹಚ್ಚುವ ಕ್ರಮ: ರಾತ್ರಿ ಫ್ಲೋರೈಡ್ ಪೇಸ್ಟ್‌ನಿಂದ ಬ್ರಷ್ ಮಾಡಿ. ಬಟಾಣಿ ಕಾಳಿನಷ್ಟು ಕ್ರೀಮನ್ನು ತೊಳೆದ ಬೆರಳಿನಿಂದ ಮೇಲಿನ, ಕೆಳಗಿನ ಹಲ್ಲುಗಳಿಗೆ ಸವರಿ 3 ನಿಮಿಷ ಬಿಡಿ. ಆಮೇಲೆ ನಾಲಿಗೆಯಿಂದ ಎಲ್ಲೆಡೆ ಹರಡಿ ಇನ್ನೊಂದೆರಡು ನಿಮಿಷ ಬಾಯಲ್ಲೇ ಇಟ್ಟುಕೊಂಡು ಉಗಿಯಿರಿ. ಬಾಯಿ ತೊಳೆಯಬೇಡಿ, ಅರ್ಧ ಗಂಟೆ ಏನೂ ತಿನ್ನಬೇಡಿ, ಕುಡಿಯಬೇಡಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಉಗಿದ ಕೂಡಲೇ ಗಟಗಟ ನೀರು ಕುಡಿದರೆ ಹಚ್ಚಿದ್ದೆಲ್ಲ ಚರಂಡಿಗೆ.

ಸಾದಾ ಟೂತ್ ಮೂಸ್‌ನಲ್ಲಿ ಫ್ಲೋರೈಡ್ ಇಲ್ಲ. 'ಪ್ಲಸ್' ಎಂದು ಬರೆದದ್ದರಲ್ಲಿ 900 ಪಿಪಿಎಂ (ಹತ್ತು ಲಕ್ಷದಲ್ಲಿ 900 ಪಾಲು) ಫ್ಲೋರೈಡ್ ಇದೆ, 6 ವರ್ಷದೊಳಗಿನ ಮಕ್ಕಳಿಗೆ ಅದು ಬೇಡ. ಹಾಲಿನ ಪ್ರೋಟೀನ್ ಅಥವಾ ಬೆಂಜೊಯೇಟ್ (ಕೆಡದಂತೆ ಹಾಕುವ ಸಂರಕ್ಷಕ) ಅಲರ್ಜಿ ಇದ್ದವರು ಎರಡನ್ನೂ ಮುಟ್ಟಬಾರದು. ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವರಿಗೆ ಅಡ್ಡಿಯಿಲ್ಲ, ಆ ತೊಂದರೆ ಲ್ಯಾಕ್ಟೋಸ್‌ನದು.

ರುಚಿ ಹಿತವಾಗಿದೆ, ಸ್ಟ್ರಾಬೆರಿಯನ್ನು ಮಕ್ಕಳು ಬೇಡವೆನ್ನುವುದಿಲ್ಲ. ಫ್ಲೋರೈಡ್ ಪೇಸ್ಟ್ ಒಂದನ್ನೇ ಸರಿಯಾಗಿ ಬಳಸುವುದಕ್ಕಿಂತ ಇದು ಬಹಳ ಮೇಲು ಎಂಬುದಕ್ಕೆ ಮಾತ್ರ ಪುರಾವೆ ಗಟ್ಟಿಯಿಲ್ಲ. ತಣ್ಣೀರಿಗೆ ಹಲ್ಲು ಜುಂ ಎನ್ನುವುದಷ್ಟೇ ತೊಂದರೆಯಾದರೆ ಶೇಕಡಾ 5 ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟನ್ನು ಕೆಲವು ವಾರ ಬಿಡದೆ ಬಳಸಿ ನೋಡಿ, ಅದು ಅಗ್ಗ. ಬ್ರೇಸಸ್ ತೆಗೆದ ಮೇಲೆ ಬಿಳಿ ಮಚ್ಚೆ ಉಳಿದವರು, ಬಾಯಿ ಒಣಗುವವರು, ಹುಳಿತೇಗಿನಿಂದ ಹಲ್ಲು ಮೆತ್ತಗಾದವರು ಕೊಂಡರೆ ದುಡ್ಡಿಗೆ ಅರ್ಥವಿದೆ.

ಕೊಳ್ಳುವಾಗ ಅವಧಿ ದಿನಾಂಕ ನೋಡಿ. 25 ಡಿಗ್ರಿ ಮೀರದ ಕಡೆ ಇಡಬೇಕಾದ ಸರಕಿದು. ನಮ್ಮ ಮೇ ತಿಂಗಳ ಬಿಸಿಲಿಗೆ ಫ್ರಿಜ್ಜಿನ ಬಾಗಿಲೇ ಸರಿ, ಫ್ರೀಜರ್ ಅಲ್ಲ.