ಮಗುವಿಗೆ ಮೊದಲು ಪಂಜೆಯವರ ಪದ್ಯವೋ, ಯಕ್ಷಗಾನ ಕ್ಲಾಸೋ?

ಉಡುಪಿ, ಮಂಗಳೂರಿನ ಅಪ್ಪ ಅಮ್ಮಂದಿರು ಆಗಾಗ ಕೇಳುವ ಪ್ರಶ್ನೆ ಇದು. ಎರಡೂ ಒಳ್ಳೆಯದೇ. ಆದರೆ ಮಗು ಅಂದರೆ ಯಾರು ಅನ್ನುವುದರಲ್ಲಿ ಎರಡಕ್ಕೂ ತಾಳೆಯಿಲ್ಲ.

ಮಕ್ಕಳಿಗಾಗಿ ಪದ್ಯ ಬರೆದ ಬಂಟ್ವಾಳದ ಪಂಜೆ ಮಂಗೇಶರಾಯರ (1874–1937) ‘ನಾಗರಹಾವು’ ಪದ್ಯ ನೋಡಿ. ಮಗು ಹಾವಿಗೆ ಕೈಮುಗಿದು ಬಾ ಅನ್ನುತ್ತದೆ, ಹಾಲು ಕೊಡುತ್ತೇನೆ ಅನ್ನುತ್ತದೆ. ಕೊನೆಗೆ ಹೋಗು ಅಂತ ಅಟ್ಟುತ್ತದೆ! ಕುತೂಹಲ, ಭಯ ಎರಡೂ ಒಟ್ಟಿಗೆ. ನಡುವೆ ಬುದ್ಧಿ ಹೇಳುವ ದೊಡ್ಡವರಿಲ್ಲ.

ಯಕ್ಷಗಾನದಲ್ಲಿ ಮಗು ಸಣ್ಣದಾಗಿ ಉಳಿಯುವುದಿಲ್ಲ. ಹತ್ತು ವರ್ಷದ ಹುಡುಗಿ ಅಭಿಮನ್ಯುವಾಗಿ ಚಕ್ರವ್ಯೂಹಕ್ಕೆ ನುಗ್ಗುತ್ತಾಳೆ. ತಲೆ ಮೇಲೆ ವೇಷದ ಭಾರ, ಬಾಯಲ್ಲಿ ದೊಡ್ಡವರ ಭಾಷೆ, ಕಾಲು ಚೆಂಡೆಯ ಪೆಟ್ಟಿಗೆ ಸರಿಯಾಗಿ ಬೀಳಬೇಕು. ಹಿಂದೆ ಮೇಳಕ್ಕೆ (ಯಕ್ಷಗಾನ ತಂಡಕ್ಕೆ) ಸೇರಿದ ಹುಡುಗರು ಕೋಡಂಗಿ, ಬಾಲಗೋಪಾಲದಂಥ, ಪ್ರಸಂಗಕ್ಕೆ ಮೊದಲು ಕುಣಿಯುವ ಸಣ್ಣ ವೇಷದಿಂದ ಶುರು ಮಾಡುತ್ತಿದ್ದರು. ಮೊದಲ ವರ್ಷವೇ ಮಗನಿಗೆ ಅರ್ಜುನನ ವೇಷ ಬೇಕು ಅನ್ನುವವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು, ಅಲ್ವಾ?

ನನ್ನ ಮಟ್ಟಿಗೆ, ಏಳರ ಒಳಗಿನ ಮಗುವಿಗೆ ಪದ್ಯವೇ ಸಾಕು. ಆದರೆ ಪುಸ್ತಕ ಸುಮ್ನೆ ಕೈಗೆ ಕೊಟ್ಟರೆ ಆಗದು, ಯಾರಾದರೂ ಗಟ್ಟಿಯಾಗಿ ಓದಬೇಕು. ಕೂತಲ್ಲಿ ಕೂರದ ಮಗುವಾದರೆ ಕ್ಲಾಸಿಗೇ ಹಾಕಿ. ಯಕ್ಷಗಾನದಲ್ಲಿ ಎರಡು ಮುಖ್ಯ ಶೈಲಿ: ಕೋಟ, ಉಡುಪಿ ಕಡೆ ಬಡಗುತಿಟ್ಟು ಜಾಸ್ತಿ, ಮಂಗಳೂರು ಕಡೆ ತೆಂಕುತಿಟ್ಟು.