ಅಮೆರಿಕಾ-ಜಪಾನ್ ರೋಬೋಟ್ ಫೈಟ್ ವಿಡಿಯೋ: ಹಿಟಾಚಿ ಕೆಲಸದೋರು ನೋಡ್ಲೇಬೇಕು, ಎಡಿಟಿಂಗ್ ಮಾತ್ರ ಬ್ಯಾಡ

ಇದು 2017ರ ಅಕ್ಟೋಬರ್‌ನಾಗ ಟ್ವಿಚ್ ಅನ್ನೋ ವಿಡಿಯೋ ಸೈಟ್‌ನ್ಯಾಗ ಬಂದಿದ್ದು, ನಾ ನೋಡಿದ್ದು ಈಗ. ಸಂಡೂರು ಕಡೆ ನಮ್ಮ ಶೆಡ್‌ನ್ಯಾಗ ಮಧ್ಯಾಹ್ನ ಕರೆಂಟ್ ಹೋಗಿ ವೆಲ್ಡಿಂಗ್ ನಿಂತಿತ್ತು, ಹೆಲ್ಪರ್ ಹುಡುಗ ಫೋನ್ ಹಿಡ್ಕೊಂಡು ಬಂದು ಅಣ್ಣಾ ಇಲ್ಲಿ ನೋಡು, ಮನುಷ್ಯಾರು ಒಳಗ ಕುಂತು ಓಡಿಸೋ ರೋಬೋಟ್ ಹೊಡದಾಡ್ತಾವು ಅಂದ. ಯೂಟ್ಯೂಬ್‌ನ್ಯಾಗ ಐತಿ, ರೊಕ್ಕ ಕೊಡೋದೇನಿಲ್ಲ. ಹನ್ನೆರಡು ವರ್ಷದಿಂದ ಹಿಟಾಚಿ, ಜೆಸಿಬಿ ಹೈಡ್ರಾಲಿಕ್ ರಿಪೇರಿನ ಮಾಡ್ಕೊಂಡು ಬಂದಿರೋನು ನಾನು, ಅದೇ ಕಣ್ಣಿಂದ ನೋಡೀನಿ, ಅದೇ ಬರೀತೀನಿ.

ಗೊತ್ತಿಲ್ದೋರಿಗೆ ಕಥಿ ಇಷ್ಟು. ಜಪಾನಿನ ಸುಯಿದೋಬಾಶಿ ಹೆವಿ ಇಂಡಸ್ಟ್ರಿಯೋರು 2012ರಾಗ ಕುರಾಟಾಸ್ ಅಂತ 4 ಮೀಟರ್ ಎತ್ತರದ ರೋಬೋಟ್ ತೋರಿಸಿದ್ರು, ಅದನ್ನ ಕಟ್ಟಿದ ಕೊಗೊರೋ ಕುರಾಟಾ ಕಬ್ಬಿಣದಾಗ ಕೆಲಸ ಮಾಡೋ ಕಲಾವಿದ, ಕಮ್ಮಾರಿಕೆ ಗೊತ್ತಿದ್ದ ಮನುಷ್ಯ, ಆ ಮಾತು ಕೇಳೇ ನನಗ ಖುಷಿ ಆತು. 2015ರಾಗ ಅಮೆರಿಕಾದ ಮೆಗಾಬಾಟ್ಸ್ ಕಂಪನಿಯೋರು ಬರ್ರಿ ಹೊಡದಾಡೋಣು ಅಂತ ಸವಾಲು ಹಾಕಿದ್ರು, ಜಪಾನಿನೋರು ಆಗಲಿ, ಆದ್ರ ಬರೇ ದೂರ ನಿಂತು ಗುಂಡು ಹೊಡಿಯೋದಲ್ಲ, ಕೈ ಕೈ ಮಿಲಾಯಿಸಬೇಕು ಅಂದ್ರು. ಎರಡು ವರ್ಷ ತಯಾರಿ ಮಾಡಿ ಜಪಾನಿನಾಗ ಒಂದು ಮುಚ್ಚಿದ ಸ್ಟೀಲ್ ಫ್ಯಾಕ್ಟರಿ ಒಳಗ ಶೂಟಿಂಗ್ ಮಾಡ್ಯಾರ. ಆ ಶೆಡ್ಡು, ಆ ಕಂಬ, ಆ ಧೂಳು ನೋಡಿದ್ರ ತೋರಣಗಲ್ಲು ಕಡೆ ಕೆಲಸಕ್ಕ ಹೋಗಿ ಬಂದೋರಿಗೆ ನಮ್ಮ ಜಾಗನ ಅನ್ನಿಸ್ತೈತಿ.

ಮೊದಲನೇ ರೌಂಡ್ ಕಣ್ಣು ಮುಚ್ಚಿ ತೆಗಿಯೋದ್ರಾಗ ಮುಗೀತು. ಅಮೆರಿಕಾದ ಐರನ್ ಗ್ಲೋರಿ 15 ಅಡಿ, 6 ಟನ್. ಕುರಾಟಾಸ್ ಗಾಲಿ ಮ್ಯಾಲೆ ಸೀದಾ ಉರುಳ್ಕೊಂಡು ಬಂದು ಕೈ ಮುಂದ ಚಾಚಿ ಒಂದ ಗುದ್ದು ಗುದ್ದಿತು, ಐರನ್ ಗ್ಲೋರಿ ಅಂಗಾತ ಬಿತ್ತು. ಹುಡುಗ ನಕ್ಕ, ನನಗ ನಗು ಬರಲಿಲ್ಲ. ಹೋದ ವರ್ಷ ಒಂದು ಕ್ವಾರಿಯಾಗ ಬೂಮ್ ಅಂದ್ರ ಅದರ ಉದ್ದನ ಕೈ ಪೂರಾ ಎತ್ತಿಟ್ಕೊಂಡು ಇಳಿಜಾರಿನ್ಯಾಗ ತಿರುಗಿಸಿ ಒಂದು ಹಿಟಾಚಿ ಮಗ್ಗಲಾಗಿದ್ದು ನಾ ಕಣ್ಣಾರೆ ನೋಡೀನಿ, ಆಪರೇಟರ್ ಕ್ಯಾಬಿನ್ ಗಾಜು ಒಡದು ಹೊರಗ ಬಂದಿದ್ದ. ಭಾರ ಎಲ್ಲಾ ಮ್ಯಾಲಿದ್ರ ಗುದ್ದು ಸಣ್ಣದಿದ್ರೂ ಸಾಕು, ಮಷೀನ್ ಮಲಗ್ತೈತಿ. ಹುಡುಗ ಆಮ್ಯಾಲೆ ಅಣ್ಣಾ, ಒಳಗಿದ್ದಾವ ಹೆಂಗದಾನ ಅಂತ ಕೇಳಿದ, ನಾ ಅದಕ್ಕ ತಮ್ಮ, ಮೊದಲು ಕೇಳಬೇಕಾಗಿದ್ದು ಅದನ್ನ ಅಂದೆ.

ಆಮ್ಯಾಲೆ ಬರ್ತೈತಿ ಅಮೆರಿಕಾದೋರ ಎರಡನೇ ರೋಬೋಟ್, ಈಗಲ್ ಪ್ರೈಮ್. 16 ಅಡಿ, 12 ಟನ್, 430 ಹಾರ್ಸ್‌ಪವರ್ ವಿ8 ಇಂಜಿನ್, ಒಳಗ ಇಬ್ರು ಪೈಲಟ್, ಖರ್ಚು 25 ಲಕ್ಷ ಡಾಲರ್. ನಮ್ಮ 20 ಟನ್ ಹಿಟಾಚಿ ಇಂಜಿನ್ 150 ಹಾರ್ಸ್‌ಪವರ್ ಆಸುಪಾಸು ಇರ್ತೈತಿ, ಅಂದ್ರ ಇಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು. ಆದ್ರೂ ಕೈ ನಿಧಾನ ಆಡ್ತಾವು, ಜನ ಎಲ್ಲಾ ಬೈಯೋದು ಇದನ್ನ. ನನ್ನ ಪ್ರಕಾರ ಇದು ತಪ್ಪಲ್ಲ ಬಿಡ್ರಿ. ಹೈಡ್ರಾಲಿಕ್‌ನ್ಯಾಗ ತಾಕತ್ತು ಪ್ರೆಶರ್‌ನಿಂದ, ಸ್ಪೀಡ್ ಪಂಪ್ ಎಷ್ಟು ಆಯಿಲ್ ಕಳಿಸ್ತೈತಿ ಅನ್ನೋದ್ರಿಂದ. ದಪ್ಪ ಸಿಲಿಂಡರ್ ತುಂಬಬೇಕಂದ್ರ ಆಯಿಲ್ ಭಾಳ ಬೇಕು, ಅದೂ ಭುಜ, ಮೊಣಕೈ, ಪಂಜ ಎಲ್ಲಾ ಒಂದೇ ಸಲ ಆಡಿಸಿದ್ರ ಆಯಿಲ್ ಹಂಚಿ ಹೋಗ್ತೈತಿ. ಬೂಮ್, ಬಕೆಟ್, ಸ್ವಿಂಗ್ ಮೂರೂ ಒಟ್ಟಿಗೆ ಎಳೆದ ಆಪರೇಟರ್‌ನ ಕೇಳ್ರಿ, ಅವನ ಹೇಳ್ತಾನ.

ಕುರಾಟಾಸ್ ಕಡೆಯಿಂದ ಡ್ರೋನ್ ಹಾರಿಸಿದ್ದು ನನಗೇನು ಹಿಡಿಸಲಿಲ್ಲ. ಕಡೀಗೆ ಈಗಲ್ ಪ್ರೈಮ್ ದೊಡ್ಡ ಚೈನ್‌ಸಾ ಹಚ್ಚಿ ಕುರಾಟಾಸ್‌ನ ಕೊಯ್ಯೋಕ ನಿಂತಾಗ ಕಿಡಿ ಹಾರ್ತಾವು ನೋಡ್ರಿ, ಅದು ಖರೇವಂದ್ರ ಮೈ ಝುಂ ಅಂತೈತಿ, ಗೆದ್ದಿದ್ದೂ ಅಮೆರಿಕಾನ.

ನನಗ ಸಿಟ್ಟು ಬಂದಿದ್ದು ಎಡಿಟಿಂಗ್ ಮ್ಯಾಲೆ. ಲೈವ್ ಅಲ್ಲ, ಮುಂಚೇನ ಶೂಟ್ ಮಾಡಿ ಇಟ್ಕೊಂಡಿದ್ದು, ಅದಕ್ಕ ಎರಡು ಸೆಕೆಂಡಿಗೊಂದು ಕಟ್, ಮ್ಯಾಲೆ ಕಾಮೆಂಟ್ರಿಯೋರ ಕೂಗಾಟ. ಗುದ್ದು ಬಿದ್ದಾಗ ಇಂಜಿನ್ ಲೋಡ್ ಹೆಂಗ ತಗೋತೈತಿ, ಹೋಸ್ ಹೆಂಗ ನಡಗ್ತಾವು, ಆ ಸದ್ದು ನನಗ ಬೇಕಾಗಿತ್ತು, ಅದನ್ನೆಲ್ಲಾ ಮ್ಯೂಸಿಕ್ ನುಂಗೈತಿ. ಅಷ್ಟು ವರ್ಷ ಕಷ್ಟ ಪಟ್ಟು ಕಟ್ಟಿದ ಮಷೀನನ್ನ ಒಂದು ನಿಮಿಷ ಕಟ್ ಇಲ್ದ ತೋರಿಸಿದ್ರ ಯಾರೂ ಇದನ್ನ ನಾಟಕ ಅಂತಿರಲಿಲ್ಲ.

ಐದಕ್ಕೆ ಮೂರು ಕೊಡ್ತೀನಿ, ಮೂರೂ ಕಟ್ಟಿದೋರಿಗೆ. ಐಟಿಐ ಮಕ್ಕಳಿಗೆ ತೋರಿಸೋದಾದ್ರ ಮೊದಲನೇ ರೌಂಡ್ ನಿಲ್ಲಿಸಿ ನಿಲ್ಲಿಸಿ ತೋರಿಸ್ರಿ. 2019ರಾಗ ಮೆಗಾಬಾಟ್ಸ್ ಮುಚ್ಚೋ ಹೊತ್ತಿಗೆ ಈಗಲ್ ಪ್ರೈಮ್‌ನ ಇಬೇ ಅನ್ನೋ ಆನ್‌ಲೈನ್ ಮಾರಾಟದ ಸೈಟ್‌ನ್ಯಾಗ ಹರಾಜಿಗೆ ಇಟ್ರಂತ, ಅದನ್ನ ಓದಿ ಹೊಟ್ಟಿ ಚುರ್ ಅಂತು. ಯಾರ ಹತ್ರನಾದ್ರೂ ಇರಲಿ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಸಿಲಿಂಡರ್ ಆಡಿಸ್ತಿರಬೇಕು, ಸುಮ್ನ ನಿಂತ್ರ ಸೀಲ್ ಒಣಗಿ ಲೀಕ್ ಶುರು ಆಗ್ತೈತಿ.