ವಕೀಲರ ಪರಿಷತ್ತು: ಓಟಿನ ಕಾಲಕ್ಕೆ ನಮ್ಮ ಹೆಸರು ಬಾಯಿಪಾಠ

ಸ್ಟಾರ್: 5ಕ್ಕೆ 3. ಎರಡೂವರೆ ವಕೀಲರ ಕಾಯ್ದೆ ಬರೆದವರಿಗೆ, ಅರ್ಧ ಕೌಂಟರಿನ ಹುಡುಗನಿಗೆ.

ಹನ್ನೊಂದು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ವಕೀಲರನ್ನು ನೋಂದಾಯಿಸುವುದು, ದೂರು ಬಂದರೆ ವಿಚಾರಿಸುವುದು ರಾಜ್ಯದ ವಕೀಲರ ಪರಿಷತ್ತು; ಅದರ ಸದಸ್ಯರನ್ನು ನಾವೇ ಓಟು ಹಾಕಿ ಆರಿಸುತ್ತೇವೆ. ಯಾವ ರಾಜ್ಯದ ಪರಿಷತ್ತು ಅಂತ ಹೇಳಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕಲ್ಲ. ಪರಿಷತ್ತು ಕೊಟ್ಟ ಗುರುತಿನ ಚೀಟಿಯಲ್ಲಿ ಅಪ್ಪನ ಹೆಸರಿನ ಒಂದಕ್ಷರ ತಪ್ಪಿತ್ತು. ಮೊದಲ ಸಲ ಅಫಿಡವಿಟ್ ಇಲ್ಲ ಅಂದರು. ಎರಡನೇ ಸಲ ಫೈಲ್ ನೋಡುವವರು ರಜೆ. ಮೂರನೇ ಸಲ ಕೌಂಟರಿನ ಆ ಹುಡುಗ ಐದೇ ನಿಮಿಷದಲ್ಲಿ ಮುಗಿಸಿಕೊಟ್ಟ.

ಚುನಾವಣೆ ಬಂದರೆ ಮಾತ್ರ ಬೆಳಿಗ್ಗೆ ಏಳಕ್ಕೇ ಅಭ್ಯರ್ಥಿಗಳ ಫೋನ್. ನನ್ನ ಹೆಸರು, ಊರು, ಸೀನಿಯರ್ ಯಾರು, ಎಲ್ಲ ಗೊತ್ತು ಅವರಿಗೆ. "ಸಾರ್, ಒಂದನೇ ಪ್ರಾಶಸ್ತ್ಯ ಬೇರೆಯವರಿಗೆ ಹೋಗಿದ್ರೆ ಎರಡನೇದಾದ್ರೂ ನಮಗಿರಲಿ." ಇಲ್ಲಿ ಟಿಕ್ ಹಾಕುವಂತಿಲ್ಲ, 1, 2, 3 ಅಂತ ಬರೆಯಬೇಕು. ನಾನು ಆರಿಸಿದವರು ಗೆದ್ದು ಓಟು ಮಿಕ್ಕಿದರೂ, ಸೋತು ಹೊರಬಿದ್ದರೂ, ಓಟು ಮುಂದಿನವರಿಗೆ ದಾಟುತ್ತದೆ. ದೊಡ್ಡ ಗುಂಪೊಂದೇ ಎಲ್ಲ ಸೀಟು ಬಾಚಿಕೊಳ್ಳದಿರಲಿ ಅಂತ 1961ರ ಕಾಯ್ದೆಯಲ್ಲೇ ಇಟ್ಟ ವ್ಯವಸ್ಥೆ ಇದು, ನನಗಂತೂ ಇಷ್ಟ. 10 ಸಾವಿರಕ್ಕಿಂತ ಜಾಸ್ತಿ ವಕೀಲರಿದ್ದರೆ 25 ಸದಸ್ಯರು, ಜೊತೆಗೆ ಅಡ್ವೊಕೇಟ್ ಜನರಲ್ (ರಾಜ್ಯ ಸರ್ಕಾರದ ಮುಖ್ಯ ವಕೀಲರು) ಇದ್ದೇ ಇರುತ್ತಾರೆ.

ಸದಸ್ಯರ ಅವಧಿ 5 ವರ್ಷ. ಕಾಯ್ದೆ ಪ್ರಕಾರ ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ದೆಹಲಿಯಲ್ಲಿರುವ ಇಡೀ ದೇಶದ ಪರಿಷತ್ತು, ಇನ್ನು 6 ತಿಂಗಳು ಎಳೆಯಬಹುದು, ಅಷ್ಟೇ. ಆದರೂ 2018ರಲ್ಲಿ ಗೆದ್ದವರು ಎಷ್ಟೋ ಕಡೆ ಕುರ್ಚಿ ಬಿಡದೆ, 2025ರಲ್ಲಿ ಸುಪ್ರೀಂ ಕೋರ್ಟೇ ಚುನಾವಣೆಗೆ ಗಡುವು ಹಾಕಬೇಕಾಯಿತು. ನಾವು ಕಕ್ಷಿದಾರರಿಗೆ ಲಿಮಿಟೇಶನ್ (ಕೇಸು ಹಾಕಲು ಇರುವ ಕಾಲಮಿತಿ) ಪಾಠ ಹೇಳುವವರು, ನೋಡಿ!

ನೋಂದಣಿ ಶುಲ್ಕದ್ದೂ ಇದೇ ಕತೆ. ಕಾಯ್ದೆಯಲ್ಲಿ ಸಾಮಾನ್ಯ ವರ್ಗದವರಿಗೆ ಇರುವುದು ಒಟ್ಟು 750 ರೂಪಾಯಿ. ಹಲವು ರಾಜ್ಯಗಳು ಸಾವಿರಗಟ್ಟಲೆ ವಸೂಲಿ ಮಾಡಿದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು, ಆದರೆ ಹಳೇ ದುಡ್ಡು ವಾಪಸಿಲ್ಲ. ನನ್ನದು ಹೋಯಿತು ಬಿಡಿ.

ನನಗೆ ಸರಿಬರದ್ದು ಶಿಸ್ತು ಸಮಿತಿ. ವಕೀಲರ ಮೇಲೆ ದೂರು ಬಂದರೆ ಕೇಳುವವರು ಮೂವರು: ಪರಿಷತ್ತಿನ ಇಬ್ಬರು, ಹೊರಗಿನ ಹಿರಿಯ ವಕೀಲರೊಬ್ಬರು. ಕಕ್ಷಿದಾರರ ಕಡೆಯವರು ಒಬ್ಬರೂ ಇಲ್ಲ. ಎದುರು ನಿಂತಿರುವ ವಕೀಲರು ಮುಂದಿನ ಚುನಾವಣೆಯ ಮತದಾರರು, ಅಲ್ವಾ? ಒಂದು ವರ್ಷದಲ್ಲಿ ಮುಗಿಯದಿದ್ದರೆ ಕೇಸು ದೆಹಲಿಯ ಬಾರ್ ಕೌನ್ಸಿಲ್ ಆಫ್ ಇಂಡಿಯಾಗೆ ಹೋಗುತ್ತದೆ, ಅಷ್ಟು ಸಮಾಧಾನ.

ಹೆಸರು ತಿದ್ದಿಸಲು ಹೋಗುವವರು ಅಫಿಡವಿಟ್ ಮೊದಲೇ ಮಾಡಿಸಿಕೊಂಡು ಹೋಗಿ. ಜೆರಾಕ್ಸ್ ಎರಡಿರಲಿ.